ಸಿಲಿಂಡರ್ ಸನ್ಯಾಸಿ

ಎಡಭುಜ ಜಗ್ಗಿಸಿಕೊಂಡೇ ಅವನು ನಡೆಯುತ್ತಿದ್ದ. ಬಲಗೈಯಲ್ಲಿ ಸಾಮಾನಿನ ಚೀಲ, ಎಡಗೈಯಲ್ಲಿ ಸಿಲಿಂಡರು. ಆ ಭಾರಕ್ಕೆ ಒಗ್ಗಿಹೋದ ದೇಹ ಬರಿಗೈಯಲ್ಲಿ ಪ್ರಾರ್ಥನಾ ಮಂದಿರಕ್ಕೆ ಹೊರಟಾಗಲೂ ನೆಟ್ಟಗಾಗುತ್ತಿರಲಿಲ್ಲ. ಎಂಥ ಸೆಕೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಅದರ ಎದೆಜೇಬಿನಲ್ಲಿ ಸ್ಕ್ರೂಡ್ರೈವರಿನ ಪಕ್ಕದಲ್ಲೇ ಸವೆದುಹೋದ ಪ್ರಾರ್ಥನೆಯ ಪುಸ್ತಕ. ಏನು ಹೇಳುವುದಿದ್ದರೂ ‘ತಪ್ಪು ತಿಳ್ಕೋಬೇಡಿ’ ಎಂದೇ ಶುರು. ಗಂಟೆಯೆಷ್ಟು ಎಂದು ಕೇಳಿದರೂ ಅಷ್ಟೇ. ನಮ್ಮ ಓಣಿಯ ಏಸಿ ಮೆಕ್ಯಾನಿಕ್, ನನ್ನ ಎದುರುಮನೆಯವನು. ಓಣಿಯೆಲ್ಲ ಅವನನ್ನು ಸಿಲಿಂಡರ್ ಸನ್ಯಾಸಿ ಎಂದು ಕರೆಯುತ್ತಿತ್ತು. ಆ ಹೆಸರಿಟ್ಟ ಮಹಾನುಭಾವ ನಾನೇ.

ರಿಪೇರಿಗೆ ಬಂದ ಏಸಿಯ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವುದು ಆ ಕಸುಬಿನವರ ರೂಢಿ. ಕೊಳವೆಯ ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಬುಸ್ಸೆಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇಪ್ಪತ್ತೆರಡು ವರ್ಷ ಇವನೂ ಹಾಗೇ ಮಾಡಿದವನು. ಆಮೇಲೊಂದು ತರಬೇತಿಯಲ್ಲಿ ಯಾರೋ ಹೇಳಿದರಂತೆ, ಆ ಗ್ಯಾಸು ಒಂದು ಕಿಲೋ ಆಕಾಶ ಸೇರಿದರೆ ಟನ್ನುಗಟ್ಟಲೆ ಹೊಗೆ ಸೇರಿದಷ್ಟೇ ಭೂಮಿಯನ್ನು ಕಾಯಿಸುತ್ತದೆಂದು. ಅದೇ ವಾರ ಪ್ರಾರ್ಥನೆಯಲ್ಲಿ ಹಿರಿಯರು, ಈ ಭೂಮಿ ನಮ್ಮದಲ್ಲ, ದೇವರು ನಮ್ಮನ್ನು ನಂಬಿ ಕಾಯಲು ಕೊಟ್ಟದ್ದು, ಕೆಡಿಸದೆ ಹಿಂದಿರುಗಿಸುವುದೇ ಧರ್ಮ ಎಂದರು. ನಾನೂ ಅಲ್ಲೇ ಕೂತಿದ್ದೆ, ಭಕ್ತಿಯಿಂದ ತಲೆದೂಗಿದೆ, ಚಪ್ಪಲಿ ಮೆಟ್ಟುವಷ್ಟರಲ್ಲಿ ಮರೆತೆ. ಇವನು ಮಾತ್ರ ಆ ಮಾತನ್ನು ತನ್ನೊಬ್ಬನಿಗೇ ಹೇಳಿದ್ದೆಂಬಂತೆ ಮನೆಗೆ ಕೊಂಡೊಯ್ದ.

ಅಂದಿನಿಂದ ಗ್ಯಾಸನ್ನು ಹೊರಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ವ್ರತ ಹಿಡಿದ. ಒಂದು ಮನೆಗೆ ಮುಕ್ಕಾಲು ಗಂಟೆ. ಬೆವರು ಒರೆಸಿಕೊಳ್ಳುತ್ತ ಕಾಯುವ ಗಿರಾಕಿಗಳು ಗೊಣಗಿ ಬೇರೆಯವರನ್ನು ಹಿಡಿದರು. ಹಿಡಿದ ಗ್ಯಾಸನ್ನು ವಾಪಸು ಪಡೆಯುತ್ತಿದ್ದ ಗೋದಾಮೂ ಬಾಗಿಲು ಹಾಕಿತು. ತುಂಬಿದ ಸಿಲಿಂಡರುಗಳು ಅವನ ಮನೆಯ ಮುಂಗೋಣೆಯ ಗೋಡೆಗುಂಟ ಸಾಲುಗಟ್ಟಿದವು. ತಾಯಿ ಸತ್ತಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವುಗಳ ಮೇಲೊಂದು ಹಲಗೆ ಹಾಸಿ, ದಿಂಬಿಟ್ಟು, ಬಂದವರಿಗೆ ಆಸನ ಮಾಡಿದಳು.

“ಬನ್ನಿ ಮೇಷ್ಟ್ರೇ, ನನ್ನ ತಮ್ಮನ ಪಾಪದ ಮೇಲೆ ಕೂತ್ಕೊಳ್ಳಿ” ಎಂದು ನನ್ನನ್ನು ಕರೆದು ನಗುತ್ತಿದ್ದಳು.

ಊರಿಗೆಲ್ಲ ತಂಪು ಕೊಡುವವನ ಮನೆಯಲ್ಲಿ ಏಸಿ ಇರಲಿಲ್ಲ; ಅದೂ ಅವನ ವ್ರತದ ಭಾಗವೇ. ಇದ್ದದ್ದು ಒಂದು ಫ್ಯಾನು, ಓಣಿಗೆ ತೆರೆದ ಒಂದೇ ಕಿಟಕಿ. ಆ ಕಿಟಕಿಗೆ ಎದುರಾಗಿ, ಎರಡು ಮಾರು ದೂರದಲ್ಲಿ, ನನ್ನ ಏಸಿಯ ಹೊರಗಿನ ಪೆಟ್ಟಿಗೆ.

ಈ ವರ್ಷದ ಬಿಸಿಲು ಒಂಬತ್ತು ದಿನ ಬಿಡದೆ ಕಾಯಿತು. ನಲ್ಲಿಯ ನೀರು ಕೈ ಸುಡುತ್ತಿತ್ತು. ಅಕ್ಕ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಜಾಗವಿಲ್ಲವೆಂದು ಮನೆಗೇ ಕಳಿಸಿದ್ದರು. ಬಿಸಿಲಿನ ನಾಲ್ಕನೆಯ ದಿನ ಅವನು ನನ್ನ ಬಾಗಿಲಿಗೆ ಬಂದು ಕೋಟಿನ ಗುಂಡಿ ತಿರುವುತ್ತ ನಿಂತ.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಮಧ್ಯಾಹ್ನ ಎರಡು ಗಂಟೆ ಹೊತ್ತು ಏಸಿ ನಿಲ್ಲಿಸೋಕಾಗತ್ತಾ? ಬಿಸಿಗಾಳಿ ನೇರ ಅಕ್ಕನ ಮುಖಕ್ಕೆ ಹೊಡೀತಿದೆ.”

ಅದಕ್ಕೇನಂತೆ, ಖಂಡಿತ ಎಂದೆ. ಮೊದಲ ದಿನ ನಿಲ್ಲಿಸಿದೆ. ಎರಡನೆಯ ದಿನ ಕಾಲು ಗಂಟೆಗೇ ಜೀವ ಬಾಯಿಗೆ ಬಂದು ಮತ್ತೆ ಏಸಿ ಹಾಕಿದೆ. ಮೂರನೆಯ ದಿನ ಕಿಟಕಿಯ ಪರದೆ ಎಳೆದುಕೊಂಡು ಸೊಗಸಾಗಿ ನಿದ್ದೆ ಹೊಡೆದೆ. ಬಿಸಿಲಿನ ಎಂಟನೆಯ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಅವನು ಆಗ ಇನ್ನೆಲ್ಲೋ ಯಾರದೋ ಮನೆಯಲ್ಲಿ ಏಸಿ ರಿಪೇರಿ ಮಾಡುತ್ತಿದ್ದ.

ಅವಳನ್ನು ಮಣ್ಣು ಮಾಡಿ ಬಂದ ವಾರಕ್ಕೆ ನನ್ನ ಏಸಿ ಕೆಟ್ಟಿತು. ನಾಚಿಕೆಗೆಟ್ಟು ಅವನನ್ನೇ ಕರೆದೆ. ಬಂದ, ಕೊಳವೆಗೆ ಕಿವಿಯಿಟ್ಟು ಆಲಿಸಿದ, ಸಿಲಿಂಡರು ಜೋಡಿಸಿ ಮುಕ್ಕಾಲು ಗಂಟೆ ಕೂತ. ವ್ರತವೇನೇ ಇರಲಿ, ಅಕ್ಕನಿಗಾಗಿಯಾದರೂ ಒಂದು ಏಸಿ ಹಾಕಿಸಬಾರದಿತ್ತೇ ಎಂದು ಕೇಳಿಬಿಟ್ಟೆ. ದೊಡ್ಡ ಮಾತು ಆಡಿದ್ದೆ.

“ಹಾಕೋಕೆ ಹೊರಟಿದ್ದೆ. ವ್ರತ ಮುರೀಲಿ ಅಂತ ಮಷೀನೂ ತಂದಿದ್ದೆ. ಅಕ್ಕ ಬೇಡ ಅಂದ್ಲು. ‘ಅದರ ಬಿಸಿ ಯಾರ ಕಿಟಕಿಗೆ ಬಿಡ್ತೀಯೋ? ಎದುರಿಗೆ ಮೇಷ್ಟ್ರು ಮಲಗಿರ್ತಾರೆ’ ಅಂದ್ಲು.”

ಅವನು ಸಾಮಾನು ಚೀಲಕ್ಕೆ ತುಂಬಿಕೊಂಡು ಎದ್ದ.

“ತಪ್ಪು ತಿಳ್ಕೋಬೇಡಿ. ನೀವು ಮೊದಲನೇ ದಿನ ನಿಲ್ಲಿಸಿದ್ರಲ್ಲ, ಅವತ್ತು ಅಕ್ಕ ಒಂದು ಗಂಟೆ ನಿದ್ದೆ ಮಾಡಿದ್ಲು.”

ಎಡಭುಜ ಜಗ್ಗಿಸಿಕೊಂಡು ಓಣಿ ದಾಟಿ ಹೋದ. ಅಂದು ತುಂಬಿಕೊಂಡ ನನ್ನ ಮನೆಯ ಗ್ಯಾಸೂ ಅವನ ಮುಂಗೋಣೆಯಲ್ಲೇ, ಆ ಹಲಗೆಯ ಕೆಳಗೇ ಇದೆ.

ಧರ್ಮವನ್ನು ಬೋಧಿಸುವವರು ನಮ್ಮನ್ನು ಬೈಯುತ್ತಾರೆ. ಬೈಸಿಕೊಂಡು ನಾವು ಹಗುರಾಗಿ ಮನೆಗೆ ಬರುತ್ತೇವೆ. ಪಾಲಿಸುವ ಜಾತಿಯವರು ಬೈಯುವುದೇ ಇಲ್ಲ. ಲೋಕದ ಕೇಡಿನಲ್ಲಿ ಕೈಗೆ ಸಿಕ್ಕಷ್ಟನ್ನು ಹಿಡಿದು ತಮ್ಮ ಮನೆಯೊಳಗಿಟ್ಟುಕೊಂಡು, ನಮ್ಮ ಪಾಲಿನ ಬೇಗೆಯನ್ನೂ ತಾವೇ ಉಂಡು, ನಾವು ಮಾಡಿದ ಒಂದೇ ದಿನದ ಒಳಿತನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅಂಥವರ ಎದುರುಮನೆಯಲ್ಲಿ ಬದುಕುವುದು ಬಹಳ ಕಷ್ಟ.