ಎಲ್ಲಕ್ಕಿಂತ ಕಪ್ಪಾದ ಕಾಗದ

ನಾನು ಗಾಳಿಯ ಧೂಳು ಹಿಡಿಯುವ ಯಂತ್ರ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ, ಬಾಳು ಸವೆಸಿದ್ದು ಹುಬ್ಬಳ್ಳಿಯ ಒಂದು ಶಾಲೆಯ ಮಾಳಿಗೆಯ ಮೇಲೆ. ತಗಡಿನ ಮೈ, ತಲೆಯ ಮೇಲೆ ಇಳಿಜಾರು ಸೂರು, ಹೊಟ್ಟೆಯಲ್ಲೊಂದು ಮೋಟಾರು. ನನ್ನ ಕೆಲಸ ಉಸಿರು ಎಳೆಯುವುದು. ಎಳೆದ ಧೂಳೆಲ್ಲ ಒಂದು ಬಿಳಿ ಕಾಗದದ ಮೇಲೆ ಉಳಿಯುತ್ತಿತ್ತು. ಹದಿನಾಲ್ಕು ವರ್ಷ ಎಳೆದೆ. ಸಾಕಾಗಿ ಹೋಯಿತು.

ವಾರಕ್ಕೆರಡು ಸಲ ಕಾಗದ ಬದಲಿಸಲು ಫಕ್ಕೀರಪ್ಪ ಬರುತ್ತಿದ್ದ. ಎದುರಿನ ಓಣಿಯಲ್ಲೇ ಅವನ ಮನೆ, ಅದರ ಹಿಂದೆ ಹಳೇ ಟೈರು ಸುಡುವ ಕುಲುಮೆ. ಗಾಳಿ ಈ ಕಡೆ ತಿರುಗಿತೆಂದರೆ ನನ್ನ ಕಾಗದ ಬಾಣಲೆಯ ತಳದಂತಾಗುತ್ತಿತ್ತು. ಆ ದಿನಗಳಲ್ಲಿ ಹೆಂಡತಿ ಗಂಗವ್ವ ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಾಳೆಂದು ಅವನೇ ನನ್ನೆದುರು ಹೇಳಿಕೊಳ್ಳುತ್ತಿದ್ದ. ಆ ಕುಲುಮೆ ನಿಂತರೆ ಸಾಕು ಎನ್ನುತ್ತಿದ್ದ.

ಕಾಗದಗಳನ್ನು ಪರೀಕ್ಷಿಸುತ್ತಿದ್ದವರು ಮಾಲಿನ್ಯ ಮಂಡಳಿಯ ಶಾಲ್ಮಲಾ ಮೇಡಂ. ಒಮ್ಮೆ ಮಾಳಿಗೆ ಹತ್ತಿ ಬಂದು ಫಕ್ಕೀರಪ್ಪನಿಗೆ ಬಿಡಿಸಿ ಹೇಳಿದರು. ರಸ್ತೆಯ ಮಣ್ಣು ಬೇರೆ, ಲಾರಿಯ ಹೊಗೆ ಬೇರೆ, ಟೈರಿನ ಮಸಿ ಬೇರೆ. ಕೆಲವು ಕಣಗಳು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ಮಸಿ ಮಾತ್ರ ಬಿಸಿಲನ್ನು ಹೀರಿ ಊರ ಮೇಲಿನ ಗಾಳಿಯನ್ನೇ ಕಾಯಿಸುತ್ತದೆ. ಕಣ ವಿಪರೀತವಾದರೆ ಮೋಡದ ಹನಿಗಳು ಸಣ್ಣವಾಗಿ ಮಳೆಯೂ ಹಿಂದೇಟು ಹಾಕಬಹುದು.

"ಅಂದ್ರ ನಮ್ಮ ಓಣಿ ಹೊಗಿ ಮೋಡದ ತನಕಾ ಹೋಗತೈತೇನ್ರಿ?"

"ಹೋಗ್ತದ ಫಕ್ಕೀರಪ್ಪ. ದಸರಾ ಮುಗದ ಮ್ಯಾಲ ಕುಲುಮಿ ವಿಚಾರಣೆ ಅದ. ನಿಮ್ಮ ಕಾಗದಾನ ಸಾಕ್ಷಿ."

ಅಂದಿನಿಂದ ನಾನು ಅವನಿಗೆ ದೇವರಾಗಿಬಿಟ್ಟೆ. ನನ್ನ ಸೂರು ಗುಡಿಯ ಹಾಗಿದ್ದದ್ದೂ ಒಂದು ಕಾರಣವಿರಬೇಕು. ಆಯುಧಪೂಜೆಯ ದಿನ ಮೈ ಒರೆಸಿದ, ವಿಭೂತಿ ಬಳಿದ, ಚೆಂಡುಹೂವಿನ ಮಾಲೆ ಹಾಕಿದ. ಆಮೇಲೆ ಕೆಂಡದ ಮೇಲೆ ಕೈತುಂಬ ಲೋಬಾನ ಸುರಿದು ನನ್ನ ಮುಖಕ್ಕೇ ಹಿಡಿದ. ಬೇಡವೋ ಮಾರಾಯ ಎನ್ನಲು ನನಗೆ ಬಾಯೆಲ್ಲಿ? ಮೋಟಾರು ಓಡುತ್ತಿತ್ತು, ಇದ್ದಷ್ಟೂ ಹೊಗೆ ಎಳೆದುಕೊಂಡೆ.

ವಿಚಾರಣೆ ಹತ್ತಿರ ಬಂದಿತ್ತು. ಮೇಡಂ ಕಾಗದಗಳ ತೂಕ ನೋಡಿದರು, ಕೊನೆಯವುಗಳಲ್ಲಿ ಏನೇನಿದೆಯೆಂದು ನೋಡಲು ಸಮಯ ಸಾಲಲಿಲ್ಲ. ಎಲ್ಲಕ್ಕಿಂತ ಕಪ್ಪಾದದ್ದನ್ನೇ ಆರಿಸಿ ಮೇಲಿಟ್ಟರು. ವಿಚಾರಣೆ ನಡೆಸುವ ಅಧಿಕಾರಿ ಸ್ಥಳ ನೋಡಲು ಮಾಳಿಗೆಗೆ ಬಂದಾಗ, ಕುಲುಮೆಯ ಪರ ವಕೀಲ ಆ ಕಾಗದದ ತಾರೀಕು ನೋಡಿದ, ನನ್ನ ಕೊರಳಲ್ಲಿ ಒಣಗಿದ್ದ ಮಾಲೆ ನೋಡಿದ.

"ಅವತ್ತ ಇಲ್ಲೆ ಧೂಪ ಹಾಕಿದ್ರೇನು?"

ಮೇಡಂ ಗಾಬರಿಯಿಂದ ಫಕ್ಕೀರಪ್ಪನ ಕಡೆ ತಿರುಗಿದರು. ಇಲ್ಲ ಎಂದಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಆದರೆ ಪೂಜೆ ಮಾಡಿದ ದೇವರ ಎದುರಿಗೆ ಅವನ ಬಾಯಲ್ಲಿ ಸುಳ್ಳು ಬರಲಿಲ್ಲ.

"ಹಾಕೀನ್ರಿ. ಹಬ್ಬ ಇತ್ತಲ್ರಿ. ಚಲೋ ಆಗ್ಲಿ ಅಂತ ಹಾಕೀನ್ರಿ."

ಹಾಗಾದರೆ ಹಿಂದೆಯೂ ಹಾಕಿರಬಹುದು, ಹಳೆಯ ಕಾಗದಗಳನ್ನೂ ನಂಬುವಂತಿಲ್ಲ, ಹೊಸ ಯಂತ್ರ ಇಟ್ಟು ಇನ್ನೊಂದು ವರ್ಷ ಅಳೆಯಿರಿ ಎಂದರು ಅಧಿಕಾರಿ. ಅಲ್ಲಿಯವರೆಗೆ ಕುಲುಮೆ ಉರಿಯಬಹುದು.

ಈಗ ನಾನು ಶಾಲೆಯ ಮೂಲೆಕೋಣೆಯಲ್ಲಿ, ಮುರಿದ ಬೆಂಚುಗಳ ನಡುವೆ ಇದ್ದೇನೆ. ಇಷ್ಟು ದಣಿದವನಿಗೆ ಈ ಬಿಡುವು ಹಿತವೆನಿಸಬೇಕಿತ್ತು, ಎನಿಸುವುದಿಲ್ಲ. ಸುಳ್ಳಾಡದವನೇ ಸೋತದ್ದು ನನಗೆ ಇಂದಿಗೂ ಸಂಕಟ. ನನ್ನನ್ನು ಇಲ್ಲಿಗೆ ತಂದ ದಿನ ಫಕ್ಕೀರಪ್ಪ ಬಹಳ ಹೊತ್ತು ಪಕ್ಕದಲ್ಲೇ ಕೂತಿದ್ದ.

"ಇನ್ನೊಂದ್ ವರ್ಷ ಅಂತ," ಎಂದ. "ಗಂಗವ್ವಗ ಹ್ಯಾಂಗ ಹೇಳ್ಲಿ?"

ನನ್ನ ಉಸಿರನ್ನು ಆ ದಿನ ಬೆಳಿಗ್ಗೆ ಅವನೇ ಒಂದು ಗುಂಡಿ ಒತ್ತಿ ನಿಲ್ಲಿಸಿದ್ದ. ಅಷ್ಟು ಹೇಳಿ ಎದ್ದು, ಬಾಯಿಗೆ ಟವೆಲು ಕಟ್ಟಿಕೊಂಡು, ಮನೆಯ ಕಡೆ ಹೋದ.