ಕೊನೆಯ ಹೆಸರು

ಡಬ್ಬಿಯ ತಳದ ನೀರು ನಡುಗಿತು, ಏನೂ ಇಲ್ಲ, ಪಕ್ಕದಲ್ಲಿ ವಿಕರ್ಸ್ ಕಾಲು ಚಾಚಿದ್ದಕ್ಕೆ ಮೇಜು ಅಲುಗಿದ್ದು, ಅಷ್ಟೇ, ಆದರೂ ಯೋಕಮ್‌ನ ಕಣ್ಣು ಅಲ್ಲೇ ನೆಟ್ಟಿತು — ಮೇಲಿನ ತಟ್ಟೆಯಲ್ಲಿ ಸೇಬಿನ ಪೈ, ಅದನ್ನು ಎತ್ತಿಟ್ಟರೆ ಕೆಳಗೆ ನೀರು, ಗಣಿಯವರ ಊಟದ ಡಬ್ಬಿ, ತಂಗಿ ಲಿಡಿಯಾ ಬೆಳಿಗ್ಗೆ ತಂದುಕೊಟ್ಟಳು, ಶಾಸಕನಿಗೆ ಇದರಲ್ಲೇ ತರಬೇಕಿತ್ತೇನೇ ಎಂದರೆ, ಮನೇಲಿರೋದು ಇದೇ ಕಣೋ ಅಣ್ಣ, ನಮ್ಮ ಎವನ್‌ದು ಹಳೇ ಡಬ್ಬಿ, ಹೊಸದು ಅವನ ಜೊತೆ ಕೆಳಗಿಳೀತು, ನೀರು ಯಾಕೆ ತುಂಬಿದ್ದೀ, ಕೈ ರೂಢಿ, ಕೆಳಗೆ ಸಿಕ್ಕಾಕ್ಕೊಂಡ್ರೆ ಹಸಿವು ತಡೀಬಹುದಂತೆ, ಬಾಯಾರಿಕೆ ತಡಿಯೋಕಾಗಲ್ವಂತೆ, ನಗುತ್ತಲೇ ಹೇಳಿದ್ದಳು, ಈಗ ಮೇಲೆ ಗ್ಯಾಲರಿಯಲ್ಲಿ ಕೂತಿದ್ದಾಳೆ, ನಗುತ್ತಿಲ್ಲ, ಭಾನುವಾರ ಅವಳ ಗಂಡ ಎವನ್ ಊಟ ಬಿಟ್ಟು ಹೇಳಿದ್ದ, ದೀಪದ ಕುಡಿ ನೀಲಿಗೆ ತಿರುಗ್ತಿದೆ ಭಾವ, ಗಾಳಿ ಕೆಟ್ಟಿದೆ, ಕಿಡಿ ತಾಕಿದ್ರೆ ಸಿಡಿಯುತ್ತೆ, ಸುರಂಗ ನಿಮ್ಮ ಸಭೆ ನಡೆಯೋ ಕಟ್ಟಡದ ಅಡಿಗೇ ಬಂದಿದೆ, ಹೊರಗೆ ಬರೋಕೆ ಮಾತ್ರ ಒಂದೇ ಬಾಯಿ, ಅದರ ಸುತ್ತ ಒಣಗಿದ ಹಲಗೆ, ಅದೇ ಹತ್ಕೊಂಡ್ರೆ ಎಲ್ಲಿಂದ ಮೇಲೆ ಬರೋದು — ಅಷ್ಟೇ ಇವತ್ತಿನ ಮಸೂದೆ, ಪ್ರತಿ ಗಣಿಗೂ ಎರಡನೆಯ ದಾರಿ, ಹೌದು ಅಂತೀನಿ ಎಂದು ಅಪ್ಪನ ಬೈಬಲ್ ಮೇಲೆ ಕೈಯಿಟ್ಟು ಹೇಳಿದ್ದ ಯೋಕಮ್.

ಗುಮಾಸ್ತ ಹೆಸರು ಕರೆಯುತ್ತಿದ್ದಾನೆ, ಹೌದು, ಇಲ್ಲ, ಇಲ್ಲ, ಹೌದು, ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೆರಡಾಗಿಲ್ಲ, ಹೊರಗೆ ಬಿಸಿಲು ಆಗಲೇ ವಾಲಿದೆ, ಹನ್ನೆರಡಕ್ಕೆ ಅಧಿವೇಶನ ಸಾಯಬೇಕೆಂದು ಕಾನೂನು, ಅದಕ್ಕೇ ಬಾಗಿಲು ಕಾಯುವ ಮುದುಕ ಹಾರ್ಲನ್ ಉದ್ದನೆಯ ಕೋಲಿನಿಂದ ಲೋಲಕವನ್ನು ತಡೆದು ನಿಂತಿದ್ದಾನೆ, ಪ್ರತಿ ಅಧಿವೇಶನದ ಪದ್ಧತಿ, ಕಡೆಯ ಮಸೂದೆಯ ಕಡೆಯ ಹೆಸರು ಮುಗಿಯುವವರೆಗೆ ಕಾಲ ನಡೆಯಕೂಡದು, ನೆಲದಡಿ ಯಾರು ಹಿಡಿದು ನಿಂತಿದ್ದಾರೆ ಕಾಲವನ್ನು — ಆ ಕಡೆಯ ಹೆಸರು ಯೋಕಮ್‌ನದೇ, ಯಾವಾಗಲೂ, ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಅವನ ಹಿಂದೆ ಯಾರೂ ಇಲ್ಲ, ಮಿಸಿಸಿಪ್ಪಿ ದಾಟಿ ಬಂದ ಅಪ್ಪ ಜೋಳದ ಹೊಲದಲ್ಲೇ ಸವೆದ, ಮಗನನ್ನು ಹಂದಿ ಹರಾಜು ಕೂಗುತ್ತಿದ್ದ ಅವನ ಗಂಟಲೇ ಇಲ್ಲಿಗೆ ತಂದಿತು, ಕೊನೆಯ ಹೆಸರು ಇಲ್ಲೇ ಉಳಿಸಿತು, ಸರದಿ ಬರುವಷ್ಟರಲ್ಲಿ ಗಾಳಿ ಯಾವ ಕಡೆಗೆಂದು ಗೊತ್ತಾಗಿರುತ್ತದೆ, ಹಿಂದಿನವನ ಮಾತು ಕೆಳಗೆ ಬೀಳುವ ಮೊದಲೇ ಹಿಡಿದು ಅದನ್ನೇ ಕೂಗುವುದು, ಸೋತವರ ಜೊತೆ ಒಮ್ಮೆಯೂ ನಿಂತವನಲ್ಲ, ವಿಕರ್ಸ್ ಕಿಚಾಯಿಸುತ್ತಾನೆ, ನಿಮಗೇನ್ರೀ ಯೋಕಮ್, ಎಲ್ಲರ ತಟ್ಟೆ ನೋಡ್ಕೊಂಡು ಆಮೇಲೆ ಬಡಿಸ್ಕೊಳ್ಳೋರು — ಜೇಬಿನಲ್ಲಿ ಕಂಪನಿಯವರು ಕೊಟ್ಟ ರೈಲಿನ ಬಿಟ್ಟಿ ಪಾಸು ಎದೆಗೆ ಒತ್ತುತ್ತದೆ, ರೈಲೂ ಅವರದೇ, ಗಣಿಯೂ ಅವರದೇ.

ಟರ್ನರ್, ಹೌದು, ಅಂಡರ್‌ವುಡ್, ಹೌದು, ಹೌದುಗಳು ಒಂದು ಮುಂದಿವೆ, ವಿಕರ್ಸ್ ಇಲ್ಲ ಎಂದರೆ ಸಮ, ಸಮವಾದರೆ ಮಸೂದೆ ಬಿತ್ತು, ಎತ್ತುವವನು ತಾನೊಬ್ಬನೇ, ಒರಗಲು ಈ ಸಲ ಗೋಡೆಯೇ ಇಲ್ಲ, ಹೆದರಿಕೆಯಾಗುತ್ತಿದೆ, ಆದರೂ ಹೌದು ಅನ್ನುತ್ತಾನೆ, ಪಾಸು ಹೋದರೆ ಹೋಗಲಿ, ಮುಂದಿನ ಚುನಾವಣೆಯೂ ಹೋಗಲಿ, ಲಿಡಿಯಾ ಗ್ಯಾಲರಿಯ ಕಟಕಟೆಯ ಮೇಲೆ ಬಾಗಿದ್ದಾಳೆ, ಹೌದು, ಹೌದು, ನಾಲಿಗೆಯ ತುದಿಯಲ್ಲೇ ಇದೆ — ವಿಕರ್ಸ್, ಇಲ್ಲ — ಯೋಕಮ್, ಇಲ್ಲ! — ಹರಾಜಿನ ಗಂಟಲು ದುಂಡಗೆ ಗೋಡೆಗೆ ಬಡಿದು ವಾಪಸು ಬಂತು, ಯಾರು ಕೂಗಿದ್ದು, ತಾನಲ್ಲ, ಬಾಯಿ ತಾನಾಗಿ, ಅಧ್ಯಕ್ಷರೇ, ತಪ್ಪಾಯ್ತು, ಹೌದು ಅಂತ ಬರ್ಕೊಳ್ಳಿ, ಯಾರೋ ನಕ್ಕರು, ಕೋಲು ಇಳಿಯಿತು, ಹಾರ್ಲನ್, ತಡಿಯೋ, ಹಿಡಿಯೋ ಅದನ್ನ, ಲೋಲಕ ಆಗಲೇ ಒಮ್ಮೆ ಆಡಿತ್ತು, ಹೆಸರು ಮುಗೀತಲ್ಲ ಸ್ವಾಮಿ ಎಂದ ಮುದುಕ, ಗಡಿಯಾರ ಹನ್ನೆರಡು ಬಡಿಯತೊಡಗಿತು, ಕೂತ್ಕೊಳ್ಳಿ ಯೋಕಮ್, ಸಭೆ ಮುಗೀತು, ಕುರ್ಚಿಗಳು, ಟೋಪಿಗಳು, ವಿಕರ್ಸ್ ಬೆನ್ನು ತಟ್ಟಿ ಹೋದ, ಗ್ಯಾಲರಿ ಖಾಲಿ, ಲಿಡಿಯಾ ಇಳಿದು ಹೋಗಿದ್ದಾಳೆ, ಗಣಿಯ ಬಾಯಿಯ ಕಡೆಗೇ ಹೋಗಿರುತ್ತಾಳೆ, ಸಂಜೆ ಪಾಳಿ ಬಿಡುವ ಹೊತ್ತಿಗೆ ಎವನ್ ಮೇಲೆ ಬರುತ್ತಾನೆ, ಬರುತ್ತಾನೆ, ಸಭಾಂಗಣದಲ್ಲಿ ಈಗ ಯಾರೂ ಇಲ್ಲ, ಮೇಜನ್ನು ಯಾರೂ ಮುಟ್ಟಿಲ್ಲ, ತಾನೂ ಮುಟ್ಟಿಲ್ಲ, ಎರಡೂ ಕೈ ತೊಡೆಯ ಮೇಲೇ ಇವೆ, ಡಬ್ಬಿಯ ತಳದಲ್ಲಿ ನೀರು ನಡುಗುತ್ತಿದೆ