ಒಡೆಯರಿಲ್ಲದ ನೋವು

ಸಿದ್ದಮ್ಮನ ಮಡಿಲಲ್ಲಿ ಮೊರ, ಮೊರದಲ್ಲಿ ಮನೆಖರ್ಚಿನ ಕಾಫಿ ಬೀಜ. ಗಂಡನ ಹೆಸರು ಮರೆತು ವರ್ಷವಾಗಿತ್ತು. ಬೆರಳುಗಳು ಮಾತ್ರ ಕಪ್ಪು ಬೀಜವನ್ನು ತಪ್ಪದೆ ಆರಿಸಿ ಎಸೆಯುತ್ತಿದ್ದವು. ಎಸ್ಟೇಟಿನಲ್ಲಿ ಮೂವತ್ತು ವರ್ಷ ಮಾಡಿದ ಕೆಲಸವದು.

ಮಗಳು ಭವ್ಯಾ ಸತ್ತು ಎರಡು ಕೊಯ್ಲು ಕಳೆದಿದ್ದವು. ವಸ್ತಾರೆ ಕಡೆಯ ತಿರುವಿನಲ್ಲಿ ಆಳುಗಳ ಜೀಪು ಮಗುಚಿತ್ತು. ಆಗ ಗಂಡ ಶಿವಯ್ಯನೇ ಆಳುಗಳ ಮೇಸ್ತ್ರಿ. ಜೀಪು ತುಂಬಿದ ಮೇಲೂ "ಇನ್ನೊಬ್ರಿಗೆ ಜಾಗ ಆಗ್ತದೆ" ಎಂದು ಕೊನೆಯವರ ಬೆನ್ನಿಗೆ ಅಂಗೈ ಕೊಟ್ಟು ತಳ್ಳಿ, ಬಾಗಿಲು ಬಡಿದು "ರೈಟ್" ಅನ್ನುವುದು ಮೇಸ್ತ್ರಿಗಳ ರೂಢಿ. ಅಂದು ಕೊನೆಯ ಬೆನ್ನು ಮಗಳದು.

ಈ ಮಾತನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹೇಳಿ ಕ್ಷಮೆ ಕೇಳಬೇಕು ಅನ್ನುವಷ್ಟರಲ್ಲಿ ಅವಳ ನೆನಪು ಕದಡಿತು. ನೆನಪಿನ ಜೊತೆ ನೋವೂ ಹೋದೀತೆಂದು ಭವ್ಯಾಳ ಫೋಟೋ ತೆಗೆದು ಟ್ರಂಕಿಗೆ ಹಾಕಿದ. ನೋವು ಹೋಗಲಿಲ್ಲ. ದಿನವೂ ಸಂಜೆ ನಾಲ್ಕೂವರೆಗೆ ಆಳುಗಳ ಜೀಪು ಏರು ಹತ್ತುವ ಸದ್ದಿಗೆ ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಒಂದು ದಿನ ಬುದ್ಧಧರ್ಮ ಹಿಡಿದ ನಿವೃತ್ತ ಮೇಷ್ಟ್ರು ಗುರುವಯ್ಯ ಬಂದಿದ್ದರು.

"ಮಗಳು ಇದ್ಲು ಅನ್ನೋದೇ ಗೊತ್ತಿಲ್ಲ ಇವಳಿಗೆ. ಮತ್ತೆ ಯಾರಿಗೆ ನೋಯ್ತಿದೆ ಮೇಷ್ಟ್ರೇ?" ಎಂದ ಶಿವಯ್ಯ.

"ಯಾರಿಗೆ ಅಂತ ಕೇಳೋದೇ ತಪ್ಪು ಶಿವಯ್ಯ. ಯಾವುದರಿಂದ ಅಂತ ಕೇಳ್ಬೇಕು. ಮೈ, ನೋವು ನಲಿವು, ಗುರುತು ಹಿಡಿಯೋದು, ಒಳಗೆ ಕೂತ ರೂಢಿ, ಅರಿವು. ಈ ಐದೂ ಕೂಡಿದ್ದಕ್ಕೆ ನಾವು 'ನಾನು' ಅಂತ ಹೆಸರಿಟ್ಟಿದೀವಿ. ಒಳಗೆ ಒಡೆಯ ಅಂತ ಯಾರೂ ಕೂತಿಲ್ಲ. ಇವ್ರಲ್ಲಿ ಗುರುತು ಸವೆದಿದೆ, ರೂಢಿ ಉಳಿದಿದೆ. ಸದ್ದು ಕಿವಿಗೆ ಬಿತ್ತು, ನೋವು ಎದ್ದಿತು."

"ಒಡೆಯ ಇಲ್ದಿದ್ರೆ ತಪ್ಪು ಮಾಡಿದೋನೂ ಇಲ್ಲ! ಒಳ್ಳೆ ಸಲೀಸಾಯ್ತು ಮಾರಾಯ್ರೇ ನಿಮ್ಮ ಧರ್ಮ."

ಗುರುವಯ್ಯ ಸಿಟ್ಟಾಗಲಿಲ್ಲ. "ಮಾಡಿದ್ದು ಇದೆ, ಅದರ ಫಲಾನೂ ಇದೆ. ಒಡೆಯ ಇಲ್ಲ ಅಂತ ಅದು ಬಿಡಲ್ಲ" ಎಂದು ಕೊಡೆ ಹಿಡಿದು ಹೊರಟರು.

ಅವರು ಹೋದ ಸ್ವಲ್ಪ ಹೊತ್ತಿಗೆ ಏರಿನಲ್ಲಿ ಜೀಪು ಘೀಳಿಟ್ಟಿತು. ಸಿದ್ದಮ್ಮನ ಕೈ ನಿಂತಿತು.

"ಅಣ್ಣಾ, ಎಂತಕ್ಕೋ ಕಣ್ಣಲ್ಲಿ ನೀರು ಬರ್ತಿದೆ. ಯಾರಾದ್ರೂ ತೀರ್ಕಂಡ್ರಾ?" ಗಂಡನನ್ನು ಅವಳು ಈಚೆಗೆ ಅಣ್ಣ ಎನ್ನುತ್ತಿದ್ದಳು.

ಯಾವುದರಿಂದ ಎಂಬುದು ಶಿವಯ್ಯನಿಗೆ ಗೊತ್ತಿತ್ತು. ಸದ್ದಿನ ಹಿಂದೆ ಜೀಪು, ಜೀಪಿನ ಹಿಂದೆ ತನ್ನ ಅಂಗೈ. ದೇವರನ್ನು ನೆನೆದು ಎಲ್ಲವನ್ನೂ ಹೇಳಿದ. ತುಂಬಿದ ಜೀಪು, ಹುಡುಗಿಯ ಬೆನ್ನು, ಬಾಗಿಲು ಬಡಿದದ್ದು, ತಿರುವು. "ನನ್ನ ಮಗಳು", "ನಾನೇ ಆ ಮೇಸ್ತ್ರಿ" ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ.

ಅವಳು ಪೂರ್ತಿ ಕೇಳಿದಳು. "ಅಯ್ಯೋ, ಆ ಹುಡುಗಿ ತಾಯಿ ಹೆಂಗೆ ತಡ್ಕಂಡ್ಳೋ, ಪಾಪ."

"ಆ ಮೇಸ್ತ್ರೀನ ಅವಳು ಕ್ಷಮಿಸ್ತಾಳಾ?"

ಸಿದ್ದಮ್ಮ ಯೋಚಿಸಿದಳು. ಅಷ್ಟು ಹೊತ್ತು ಅವಳು ಯೋಚಿಸಿದ್ದನ್ನು ಅವನು ಈಚೆಗೆ ಕಂಡಿರಲಿಲ್ಲ.

"ಹೆತ್ತೋಳಲ್ವಾ ಅಣ್ಣಾ. ಹೆಂಗೆ ಕ್ಷಮಿಸ್ತಾಳೆ?"

ಸೆರಗಿನಿಂದ ಅವನ ಮುಖ ಒರೆಸಿದಳು. "ಅಳ್ಬೇಡಿ. ನಿಮ್ಮೋರಾ ಅವ್ರು?"

"ಹೂಂ" ಎಂದ ಶಿವಯ್ಯ.

ಅಷ್ಟರಲ್ಲಿ ಅವಳ ಬೆರಳು ಮೊರಕ್ಕೆ ಮರಳಿತ್ತು. ಒಂದು ಕಪ್ಪು ಬೀಜ ಅವನ ಕಾಲ ಬಳಿ ಬಂದು ಬಿತ್ತು.